ಎಂಬತ್ತೇಳರ ಷರಾ

ಎಂಬತ್ತೇಳನೆಯ ಮಗುವಿನ ಮುಂದೆ, ಷರಾ ಕಾಲಮ್ಮಿನಲ್ಲಿ, ನಾನು ಬರೆದದ್ದು ಎರಡೇ ಶಬ್ದ: ಪಾಲಕರ ನಿರ್ಲಕ್ಷ್ಯ. ಕೆಳಗೆ ನನ್ನ ಸಹಿ. ರೂಪಶ್ರೀ ಹಂಚಿನಾಳ, ಹಿರಿಯ ಸಂಶೋಧಕಿ. ಅಕ್ಷರ ಮುತ್ತಿನಂತೆ ಬಂದಿವೆ.

ಈಗ ನಮ್ಮ ಮುಖ್ಯಸ್ಥೆ ದೇಸಾಯಿ ಮೇಡಂ ಆ ಎರಡು ಶಬ್ದ ಹೊಡೆದುಹಾಕಿ ಸರಿಯಾದ ಷರಾ ಬರೆಯಲು ಹೇಳಿದ್ದಾರೆ. ಕಾಲಮ್ಮು ಎರಡು ಇಂಚು ಅಗಲ. ಅದರಲ್ಲಿ ಹಿಡಿಸುವುದಿಲ್ಲವಾದ್ದರಿಂದ ಹಾಳೆ ಲಗತ್ತಿಸುತ್ತಿದ್ದೇನೆ. ಹೊಡೆದುಹಾಕಲು ಮಾತ್ರ ಇನ್ನೂ ಕೈ ಬಂದಿಲ್ಲ, ಏಕೆಂದರೆ ಬರೆದದ್ದು ಸುಳ್ಳಲ್ಲ.

ಮೊದಲಿನಿಂದ ಹೇಳುತ್ತೇನೆ. ಊಟಕ್ಕೆ ಕೂತ ಮಗುವಿನ ಪಕ್ಕದಲ್ಲಿ ತಾಯಿ ಇದ್ದರೆ ಮಗು ನಿಧಾನವಾಗಿ ತಿನ್ನುತ್ತದೆ. ನಡುನಡುವೆ ಮಾತಾಡುತ್ತದೆ, ಹೊಟ್ಟೆ ತುಂಬಿದ್ದು ಅದಕ್ಕೆ ಗೊತ್ತಾಗುತ್ತದೆ. ಇದು ನಮ್ಮ ಅಜ್ಜಿಯಂದಿರಿಗೆ ತಿಳಿದಿದ್ದ ಸಂಗತಿ. ಧಾರವಾಡದ ನಮ್ಮ ಆಹಾರ ಸಂಶೋಧನಾ ಕೇಂದ್ರದವರು ನಾಲ್ಕು ವರ್ಷ ಅಳೆದು, ತೂಗಿ, ಅದನ್ನೇ ಮತ್ತೆ ಹೇಳಿದೆವು. ಆದರೆ ತಾಯಿ ಎಲ್ಲಿದ್ದಾಳೆ? ಅವಳು ಬ್ಯಾಂಕಿನಲ್ಲಿದ್ದಾಳೆ, ಗಾರ್ಮೆಂಟ್ಸಿನಲ್ಲಿದ್ದಾಳೆ, ಆಸ್ಪತ್ರೆಯ ಡ್ಯೂಟಿಯಲ್ಲಿದ್ದಾಳೆ. ತಂದೆಯೂ ಅಷ್ಟೇ. ಮಗು ಶಾಲೆಯಿಂದ ಬಂದು ಕೊರಳಿನ ಬೀಗದ ಕೈಯಿಂದ ಬಾಗಿಲು ತೆರೆದು ಡಬ್ಬಿಗೆ ಕೈಹಾಕುತ್ತದೆ. ಹತ್ತು ವರ್ಷ ತುಂಬುವುದರೊಳಗೆ ಮೈ ಭಾರವಾಗಿ, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತದೆ. ತಾಯಿ ಕೂರಲಾಗದ ಮನೆಯಲ್ಲಿ ತಾಯಿಯ ದನಿಯನ್ನಾದರೂ ಕೂರಿಸಿದರೆ ಹೇಗೆ?

ಈ ಬುದ್ಧಿ ಹೊಳೆದದ್ದು ನನಗೇ. ಒಂದು ವಾರ ನನಗೆ ಕೋಡು ಮೂಡಿದ್ದವು.

ಹಾಗೆ ಹುಟ್ಟಿದ್ದು ಮಣಿ. ಜೋಳದ ಕಾಳಿನ ಅರ್ಧದಷ್ಟು ಗಾತ್ರ, ದವಡೆ ಹಲ್ಲಿಗೆ ಅಂಟಿಸಿದರೆ ಮಗುವಿಗೆ ಎರಡು ದಿನದಲ್ಲಿ ಮರೆತೇ ಹೋಗುತ್ತದೆ. ಎಷ್ಟು ಸಲ ಅಗಿಯಿತು, ಜೊಲ್ಲಿನಲ್ಲಿ ಸಕ್ಕರೆ ಎಷ್ಟು, ಜಿಡ್ಡು ಎಷ್ಟು, ಎಲ್ಲ ಅದಕ್ಕೆ ತಿಳಿಯುತ್ತದೆ. ಆ ಹೊತ್ತಿನ ಮಿತಿ ದಾಟಿದ ಮೇಲೆ ಪ್ರತಿ ಮೂರನೆಯ ತುತ್ತಿಗೆ ಅದು ಒಂದು ಮಾತು ಆಡುತ್ತದೆ. ಮಾತು ದವಡೆಯ ಎಲುಬಿನ ಮೂಲಕ ನೇರ ಕಿವಿಯೊಳಗೆ ಹೋಗುವುದರಿಂದ ಪಕ್ಕದಲ್ಲಿದ್ದವರಿಗೂ ಕೇಳುವುದಿಲ್ಲ. ಮಗು ತಿರುಗಿ ಏನಾದರೂ ಅಂದರೆ, ಅಗಿಯುವುದು ನಿಂತು ಮಾತು ಶುರುವಾಯಿತು ಎಂದಷ್ಟೇ ಮಣಿ ಗುರುತು ಮಾಡಿಕೊಳ್ಳುತ್ತದೆ. ಏನು ಅಂದಿತು ಎನ್ನುವುದನ್ನು ಅದು ಇಟ್ಟುಕೊಳ್ಳುವುದಿಲ್ಲ. ಕಾನೂನು ಬಿಡುವುದಿಲ್ಲ.

ಮೊದಲು ಯಂತ್ರದ ದನಿ ಇಟ್ಟೆವು. ಮಕ್ಕಳು ಕ್ಯಾರೇ ಅನ್ನಲಿಲ್ಲ. ಆಮೇಲೆ ಪ್ರತಿ ಮಗುವಿಗೂ ಅದರ ತಾಯಿಯದೇ ದನಿಯಲ್ಲಿ ಮೂವತ್ತಾರು ಮಾತು ಹಿಡಿದು ಹಾಕಿದೆವು. ಬರೀ "ಸಾಕು, ಸಾಕು" ಅಂದರೆ ಮಗುವಿಗೆ ಸಿಟ್ಟು ಬರುತ್ತದೆ, ಬಾಯಿಯನ್ನು ಬೇರೆ ಕೆಲಸಕ್ಕೆ ಹಚ್ಚಬೇಕು, ಪ್ರಶ್ನೆ ಕೇಳಬೇಕು ಎಂದು ಹೇಳಿದವಳೂ ನಾನೇ. ಮುನ್ನೂರಾ ಹನ್ನೆರಡು ಮಕ್ಕಳ ಮೇಲೆ ಆರು ತಿಂಗಳ ಪ್ರಯೋಗ ಎಂದು ನಿಗದಿಯಾಯಿತು. "ನಮ್ಮ ಮಕ್ಕಳನ್ನೂ ಹಾಕಬೇಕು, ಇಲ್ಲಂದ್ರ ಮಂದಿ ಹ್ಯಾಂಗ ನಂಬ್ತಾರ?" ಎಂದರು ನಮ್ಮ ಮುಖ್ಯಸ್ಥೆ ಡಾಕ್ಟರ್ ಉಮಾ ದೇಸಾಯಿ. ನನ್ನ ಮಗಳು ಚಾರ್ವಿಗೆ ಆಗ ಒಂಬತ್ತು ವರ್ಷ, ನಲವತ್ತೊಂದು ಕಿಲೋ. ಬೊಜ್ಜಿನ ಬಗ್ಗೆ ಭಾಷಣ ಮಾಡುವವಳ ಮಗಳು ಎಂದು ಬೇರೆಯವರು ನೋಡುವ ನೋಟ ನನಗೆ ಗೊತ್ತಿತ್ತು. ಎಲ್ಲರಿಗಿಂತ ಮೊದಲು ಅವಳ ಹೆಸರು ಕೊಟ್ಟೆ. ಯಾರಿಗೆ ಯಾವ ಸಂಖ್ಯೆ ಎನ್ನುವ ಪಟ್ಟಿ ಮೇಡಂ ಲಾಕರಿಗೆ ಹೋಯಿತು. ದಿನದಿನದ ವಿವರ ಪಾಲಕರಿಗೆ ಕಾಣಿಸಬಾರದು, ಕಂಡರೆ ಮಕ್ಕಳನ್ನು ಬೈಯುತ್ತಾರೆ ಎಂಬ ನಿಯಮವನ್ನೂ ನಾನೇ ಮಾಡಿದ್ದೆ.

ದನಿ ಕೊಡಲು ನಾನು ಹೋದದ್ದು ಊಟದ ಬಿಡುವಿನಲ್ಲಿ. ಧ್ವನಿ ವಿಭಾಗದ ಎಂಜಿನಿಯರ್ ಇರ್ಫಾನ್ ಮುಲ್ಲಾ ಗಾಜಿನ ಕೋಣೆಯ ಆಚೆ ಕೂತಿದ್ದ. ನಾಲ್ಕು ಮಾತು ಓದುವುದರಲ್ಲಿ ಕೈ ಎತ್ತಿ ನಿಲ್ಲಿಸಿದ.

"ಮೇಡಂ, ಬ್ಯಾಸರ ಮಾಡ್ಕೋಬ್ಯಾಡ್ರಿ. ಇದು ಮೀಟಿಂಗಿನ ದನಿ ಆತು. ಮನೀ ದನಿ ಬೇಕು."

"ಮನ್ಯಾಗೂ ಇದ ದನಿ ಐತಿ ಇರ್ಫಾನ್," ಎಂದು ನಕ್ಕೆ.

ಅವನು ನಗಲಿಲ್ಲ. "ನಿಮ್ಮ ಮಗಳು ಸಣ್ಣ ಕೂಸು ಇದ್ದಾಗ ಹೆಂಗ ಮಾತಾಡ್ತಿದ್ರಿ ನೆನಸ್ಕೊಂಡು ಹೇಳ್ರಿ."

ಕಣ್ಣು ಮುಚ್ಚಿ ನೆನಪಿಸಿಕೊಂಡೆ. ತೊಟ್ಟಿಲಲ್ಲಿ ಕಾಲು ಬಡಿಯುತ್ತಿದ್ದ ಮಗು, ಅದರ ಬಾಯಿಂದ ಬರುತ್ತಿದ್ದ ಹಾಲಿನ ವಾಸನೆ. ಆಮೇಲೆ ಮೂವತ್ತಾರೂ ಮಾತು ಒಂದೇ ಉಸಿರಿಗೆ ಚೆನ್ನಾಗಿ ಬಂದವು. ಕೈತೊಳೆದು ಎರಡು ಗಂಟೆಯ ಮೀಟಿಂಗಿಗೆ ಓಡಿದೆ.

ನನ್ನ ಗಂಡ ಮಹಾಂತೇಶ ರೈಲ್ವೆಯಲ್ಲಿ ಲೋಕೋ ಪೈಲಟ್. ಹುಬ್ಬಳ್ಳಿಯಿಂದ ಗುಂತಕಲ್ಲಿಗೆ ಗೂಡ್ಸ್ ಗಾಡಿ ಒಯ್ದರೆ ಮನೆಗೆ ಬರುವುದು ಮೂರನೆಯ ದಿನ. ಬರುವಾಗ ಮಗಳಿಗೆ ಪೇಢೆಯ ಡಬ್ಬಿ ತರುತ್ತಾನೆ. "ಇಷ್ಟು ದಿನ ಮನ್ಯಾಗಿರಲಿಲ್ಲ, ಬರೇ ಕೈಯಾಗ ಹೆಂಗ ಬರ್ಲಿ?" ಎನ್ನುತ್ತಾನೆ. ಅವನನ್ನು ಬೈಯಲು ನನಗೆ ಬಾಯಿರಲಿಲ್ಲ. ನಾನೂ ಸಂಜೆ ಬರುವಾಗ ಬೇಕರಿಯಿಂದ ಖಾರಿ, ಬಿಸ್ಕತ್ತು, ಶಂಕರಪಾಳಿ ಕಟ್ಟಿಸಿಕೊಂಡೇ ಬರುತ್ತಿದ್ದೆ. ಬೆಳಿಗ್ಗೆ ಹಾಟ್‌ಬಾಕ್ಸಿನಲ್ಲಿ ಉಪ್ಪಿಟ್ಟು ಇಟ್ಟು ಹೋಗುತ್ತಿದ್ದೆನಾದರೂ ಅದು ನಾಲ್ಕು ಗಂಟೆಗೆ ತಣ್ಣಗೆ ಗಟ್ಟಿಯಾಗಿರುತ್ತದೆ ಎಂದು ನನಗೂ ಗೊತ್ತಿತ್ತು.

ಸಪ್ತಾಪುರದಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ನಾನು ಒಳಗೆ ಕಾಲಿಡುವಾಗ ಆರೂ ಮುಕ್ಕಾಲು. ಚಪ್ಪಲಿ ಬಿಡುತ್ತಲೇ ಕೇಳುತ್ತಿದ್ದೆ.

"ತಿಂದ್ಯಾ?"

"ಹೂಂ."

"ಹೋಮ್‌ವರ್ಕ್ ಆತ?"

"ಹೂಂ. ಅವ್ವಾ, ಇವತ್ತ ನಮ್ಮ ಸಾಲ್ಯಾಗ..."

"ತಡಿ ಚಾರೂ, ಕುಕ್ಕರ್ ಇಡ್ತೀನಿ."

ಕುಕ್ಕರಿನ ನಂತರ ಬಟ್ಟೆ, ಬಟ್ಟೆಯ ನಂತರ ಆಫೀಸಿನ ಫೋನು. ಅವಳು ಅಡುಗೆಮನೆಯ ಬಾಗಿಲಿಗೆ ಆತುಕೊಂಡು ನಿಲ್ಲುತ್ತಿದ್ದಳು. ಇನ್ನೊಮ್ಮೆ "ಅವ್ವಾ, ಇವತ್ತ..." ಎನ್ನುತ್ತಿದ್ದಳು. ನಾನು ಇನ್ನೊಮ್ಮೆ "ತಡಿ" ಎನ್ನುತ್ತಿದ್ದೆ. ಹಲ್ಲಿಗೆ ಮಣಿ ಅಂಟಿಸಿ ಒಂದು ತಿಂಗಳಾಗಿರಬೇಕು, ಅವಳು ಬಾಗಿಲಿಗೆ ಬಂದು ನಿಲ್ಲುವುದು ನಿಂತಿತು. ನಾನು ಬಂದಾಗ ಪುಸ್ತಕ ಹಿಡಿದು ಸುಮ್ಮನೆ ಕೂತಿರುತ್ತಿದ್ದಳು. ದೊಡ್ಡವಳಾಗುತ್ತಿದ್ದಾಳೆ, ತಿಳಿವಳಿಕೆ ಬಂತು ಎಂದುಕೊಂಡೆ. ನಿಜ ಹೇಳಬೇಕೆಂದರೆ ನನಗೆ ಹಾಯೆನಿಸಿತ್ತು. ಇದನ್ನು ಬರೆಯುವಾಗ ಮುಖ ಎಲ್ಲಿಡಲಿ ಎನ್ನಿಸುತ್ತದೆ.

ಯೂನಿಫಾರ್ಮ್ ಬಿಗಿಯಾಯಿತು, ದೊಡ್ಡ ಅಳತೆಯದು ಕೊಡಿಸಿದೆ. "ಲೇಸ್ ಇಲ್ಲದ ಬೂಟು ಕೊಡಸು ಅವ್ವಾ" ಎಂದಳು. ಈಗಿನ ಮಕ್ಕಳಿಗೆ ಅದೇ ಫ್ಯಾಷನ್ ಇರಬೇಕೆಂದು ಅದನ್ನೂ ಕೊಡಿಸಿದೆ. ಬಗ್ಗಿ ಲೇಸು ಕಟ್ಟಿಕೊಳ್ಳಲು ಅವಳಿಗೆ ಆಗುತ್ತಿರಲಿಲ್ಲ. ಹನ್ನೆರಡು ವರ್ಷ ಇದನ್ನೇ ಓದಿದವಳಿಗೆ ಅದು ಕಾಣಲಿಲ್ಲ. ಮನೆಯಲ್ಲಿ ತಕ್ಕಡಿ ಹತ್ತಿಸಬಹುದಿತ್ತು. ಪ್ರಯೋಗದ ನಡುವೆ ಪಾಲಕರು ತೂಗಬಾರದು ಎಂಬ ನಿಯಮದ ನೆವ ನನಗೆ ಅನುಕೂಲವಾಗಿತ್ತು.

ನಮ್ಮ ಕೇಂದ್ರದ ನಿಗಾ ಕೋಣೆಯಲ್ಲಿ ಒಂದು ಗೋಡೆಯ ತುಂಬ ಪರದೆ ಇದೆ. ಅದರ ಮೇಲೆ ಮುನ್ನೂರಾ ಹನ್ನೆರಡು ಚುಕ್ಕೆ. ಹಸಿರಿದ್ದರೆ ಮಗು ಮಿತಿಯಲ್ಲಿದೆ, ಕೆಂಪಾದರೆ ದಾಟಿದೆ. ಮೊದಲ ತಿಂಗಳು ಕೆಂಪಾದ ಚುಕ್ಕೆಗಳು ನಾಲ್ಕೈದು ಮಾತಿಗೆ ಹಸಿರಾಗುತ್ತಿದ್ದವು. ನಾವು ಒಬ್ಬರಿಗೊಬ್ಬರು ಚಹಾ ಕುಡಿಸಿದ್ದೇ ಕುಡಿಸಿದ್ದು. ಮೂರನೆಯ ತಿಂಗಳು ತೂಕದ ಪಟ್ಟಿ ಬಂತು. ಇನ್ನೂರಾ ಎಪ್ಪತ್ತೊಂದು ಮಕ್ಕಳು ಇಳಿದಿದ್ದರು ಇಲ್ಲವೇ ಇದ್ದಲ್ಲೇ ನಿಂತಿದ್ದರು. ನಲವತ್ತೊಂದು ಮಕ್ಕಳು ಏರಿದ್ದರು. ಎಲ್ಲರಿಗಿಂತ ಹೆಚ್ಚು ಏರಿದ್ದು ಎಂಬತ್ತೇಳು, ಮೂರು ತಿಂಗಳಲ್ಲಿ ನಾಲ್ಕು ಕಿಲೋ. ಆ ಚುಕ್ಕೆ ದಿನಾ ಮೂರೂ ಐವತ್ತಕ್ಕೆ ಕೆಂಪಾದರೆ ಐದರತನಕ ಕೆಂಪೇ.

ಬರುವ ಸೋಮವಾರ ಮೇಲಿನ ಅಧಿಕಾರಿಗಳ ಸಭೆ ಇತ್ತು. ಒಪ್ಪಿದರೆ ಮಣಿ ನಲವತ್ತು ಸಾವಿರ ಶಾಲಾಮಕ್ಕಳ ಬಾಯಿಗೆ ಹೋಗುತ್ತಿತ್ತು. ಏರಿದ ನಲವತ್ತೊಂದಕ್ಕೆ ಕಾರಣ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಧ್ಯಾಹ್ನದ ಬೈಠಕ್ಕಿನಲ್ಲಿ, ಎಲ್ಲರೆದುರು, ಎಂಬತ್ತೇಳರ ಕೆಂಪು ಚುಕ್ಕೆ ತೋರಿಸಿ ನಾನು ಹೇಳಿದೆ:

"ಈ ಕೂಸಿನ ತಾಯಿ ಎಲ್ಲಿರ್ತಾಳ? ಕೂಸು ಒಂದ ಸಮ ತಿನ್ನಾಕತ್ತೇತಿ, ಮಣಿ ಒದರಾಕತ್ತೇತಿ, ಆಕಿಗೆ ಖಬರಿಲ್ಲ. ಇಂಥಾವ್ರಿಗೆ ಮಕ್ಕಳು ಯಾಕ ಬೇಕು?"

ಎಲ್ಲರೂ ತಲೆಯಾಡಿಸಿದರು. ಗೋಡೆಯ ಗಡಿಯಾರದಲ್ಲಿ ನಾಲ್ಕೂ ಹತ್ತು ಆಗಿತ್ತು. ನನ್ನ ಮುಂದೆ ಮಿರ್ಚಿ ಭಜಿಯ ತಟ್ಟೆ ಇತ್ತು. ಇನ್ನೊಂದು ಭಜಿ ಎತ್ತಿಕೊಂಡು, ಇನ್ನೊಂದು ಕೈಯಲ್ಲಿ ಷರಾ ಬರೆದೆ.

ಮರುದಿನ ಎರಡು ಗಂಟೆಯ ಸುಮಾರಿಗೆ ಇರ್ಫಾನ್ ಕರೆದ.

"ಮೇಡಂ, ಒಂದ ವಿಚಿತ್ರ ಐತ್ರಿ. ಈ ನಲವತ್ತೊಂದು ಮಕ್ಕಳು ತಿನ್ನೂಮುಂದ ಭಾಳ ಮಾತಾಡ್ತಾರ."

"ಮಾತಾಡಿದ್ರ ಕಡಿಮಿ ತಿನ್ನಬೇಕಲ್ಲ?"

"ಅದ ನನಗೂ ತಿಳೀವಲ್ದು. ನೀವ ನೋಡ್ರಿ."

ಪರದೆಯ ಮೇಲೆ ಎಂಬತ್ತೇಳರ ನಿನ್ನೆಯ ಗೆರೆ ತೆರೆದ. ಮೂರು ತುತ್ತು, ಮಣಿಯ ಮಾತು, ಆಮೇಲೆ ಮಗುವಿನ ಮಾತು ನಾಲ್ಕು ನಿಮಿಷ. ಮತ್ತೆ ಮೂರು ತುತ್ತು, ಮಣಿಯ ಮಾತು, ಮಗುವಿನ ಮಾತು ಆರು ನಿಮಿಷ. ಒಟ್ಟು ನಲವತ್ತು ನಿಮಿಷಕ್ಕೂ ಹೆಚ್ಚು ಮಾತಾಡಿತ್ತು. ಉಳಿದವುಗಳನ್ನೂ ತೆರೆದು ನೋಡಿದೆವು. ಎಲ್ಲ ಕಡೆ ಇದೇ. ಮೂರು ತುತ್ತಿಗಿಂತ ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

"ಫಾರ್ಮಿನ್ಯಾಗ ನೋಡಿದೆ, ಈ ಮಕ್ಕಳ ಮನ್ಯಾಗ ಆ ಹೊತ್ತಿಗೆ ಯಾರೂ ಇರೂದಿಲ್ರಿ. ಮತ್ತ ಯಾರ ಕೂಡ ಮಾತಾಡ್ತಾರ?" ಎಂದ ಇರ್ಫಾನ್.

"ಮಣಿ ಏನ್ ಹೇಳ್ತೇತಿ ಕೇಳೂಣು. ಎಂಬತ್ತೇಳು ಹಚ್ಚು."

ಸ್ಪೀಕರಿನಿಂದ ಒಂದು ಹೆಣ್ಣುದನಿ ಬಂತು. "ಸಾಕವಾ ನನ್ನ ಬಂಗಾರ. ಸ್ವಲ್ಪ ನೀರ ಕುಡಿ. ಇವತ್ತ ಸಾಲ್ಯಾಗ ಏನೇನಾತು? ನನಗ ಹೇಳಂಗಿಲ್ಲಾ?"

ಎಷ್ಟು ಒಳ್ಳೆಯ ಹೆಂಗಸು, ಎಷ್ಟು ತಾಳ್ಮೆ ಎನ್ನಿಸಿತು. ಇಂಥ ತಾಯಿ ಇದ್ದೂ ಮಗು ಯಾಕೆ ಹೀಗೆ ಎಂದು ಯೋಚಿಸುತ್ತ ಇರ್ಫಾನ್ ಕಡೆ ತಿರುಗಿದೆ. ಅವನು ತಲೆ ತಗ್ಗಿಸಿ, ದನಿ ನಿಲ್ಲಿಸಲು ಗುಂಡಿಗಾಗಿ ತಡಕಾಡುತ್ತಿದ್ದ. ಆಗ ನನಗೆ ಗುರುತು ಸಿಕ್ಕಿತು. ಅದು ನನ್ನ ದನಿ.

ಎಲ್ಲ ಅರ್ಥವಾಗಲು ಒಂದು ನಿಮಿಷವೂ ಬೇಕಾಗಲಿಲ್ಲ. ಮಿತಿಯಲ್ಲಿ ತಿಂದ ಮಗುವಿನ ಜೊತೆ ಮಣಿ ಮಾತಾಡುವುದಿಲ್ಲ. ಮಿತಿ ದಾಟಿದರೆ ಮಾತ್ರ ಅವ್ವ ಬರುತ್ತಾಳೆ, ಬಂಗಾರ ಎನ್ನುತ್ತಾಳೆ, ಶಾಲೆಯಲ್ಲಿ ಏನಾಯಿತು ಎಂದು ಕೇಳುತ್ತಾಳೆ. ಮಾತಾಡಲು ಬೇರೆ ಯಾರಾದರೂ ಇದ್ದ ಮಕ್ಕಳಿಗೆ ಅದು ಕಿರಿಕಿರಿಯಾಗಿ ತಿನ್ನುವುದನ್ನು ಬಿಟ್ಟರು. ಯಾರೂ ಇಲ್ಲದ ಮಕ್ಕಳು ಅವ್ವನನ್ನು ಕರೆಯುವ ದಾರಿ ಕಂಡುಕೊಂಡರು. ನನ್ನ ಮಗಳು ಹಸಿವಿಗೆ ತಿನ್ನುತ್ತಿರಲಿಲ್ಲ, ಆಸೆಗೂ ಅಲ್ಲ. ನನ್ನ ಒಂದು ಪ್ರಶ್ನೆಗೆ ಅವಳು ಮೂರು ತುತ್ತು ಕೊಡುತ್ತಿದ್ದಳು.

ಆಮೇಲೆ ನಾನು ಮಾಡಿದ್ದನ್ನೂ ಬರೆಯಬೇಕು. "ಇರ್ಫಾನ್, ಎಂಬತ್ತೇಳು ತಗದ ಬಿಡು. ಮಣಿ ಕೆಟ್ಟಿತ್ತು ಅಂತ ಬರಿಯೂಣು," ಎಂದೆ. ಮೀಟಿಂಗಿನ ದನಿಯಲ್ಲೇ ಎಂದೆ.

ಅವನು ನನ್ನ ಮುಖ ನೋಡಲಿಲ್ಲ. "ತಗೀತೀನ್ರಿ. ಉಳದ ನಲವತ್ತರದು ಏನ್ ಮಾಡೂಣು ಹೇಳ್ರಿ."

ಅವನು ಒಂದು ಮಾತು ಬೈದಿದ್ದರೆ ಹಗುರಾಗುತ್ತಿತ್ತು. ಎದ್ದು ದೇಸಾಯಿ ಮೇಡಂ ಕೋಣೆಗೆ ಹೋಗಿ, ನಿಂತೇ ಎಲ್ಲ ಹೇಳಿದೆ. ನಿನ್ನೆ ಬೈಠಕ್ಕಿನಲ್ಲಿ ನಾನು ಬೈದ ತಾಯಿ ನಾನೇ ಎಂದು ಹೇಳುವಾಗ ನಾಲಿಗೆ ಹೊರಳಲಿಲ್ಲ, ಎರಡು ಸಲ ಹೇಳಬೇಕಾಯಿತು. ಅವರು ಲಾಕರ್ ತೆರೆದು ಪಟ್ಟಿ ನೋಡಿದರು. ಎಂಬತ್ತೇಳರ ಮುಂದೆ ಚಾರ್ವಿ ಮಹಾಂತೇಶ ಹಂಚಿನಾಳ ಎಂದಿತ್ತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಮೂರು ತಿಂಗಳಿಂದ ದಿನಾ ಆ ಚುಕ್ಕಿ ನೋಡ್ಲಿಕ್ಕತ್ತೀಯಲ್ಲ ರೂಪಾ. ಒಂದು ದಿನಾನೂ ನಿಂಗ ಅನುಮಾನ ಬರಲಿಲ್ಲಾ?"

"ಇಲ್ರಿ. ನಮ್ಮ ಮನಿ ಹಂಗ ಅಲ್ಲ ಅನ್ಕೊಂಡಿದ್ದೆ."

"ಸೋಮವಾರದ ಸಭಾ ಆಗೂದಿಲ್ಲ. ನಾನು ಹೇಳ್ತೀನಿ ಅವರಿಗೆ. ನಾಳೆ ಎಲ್ಲಾ ಮಕ್ಕಳನ್ನೂ ಕರಸಿ ಮಣಿ ತಗಸೋಣ. ನೀ ಈಗ ಮನೀಗೆ ಹೋಗು." ನಾನು ಬಾಗಿಲು ದಾಟುವಾಗ ಮತ್ತೆ ಕರೆದರು. "ಹೋಗಿ ಆ ಹುಡುಗೀನ್ನ ಬೈಬ್ಯಾಡ ಮತ್ತ."

ಮನೆ ಮುಟ್ಟಿದಾಗ ನಾಲ್ಕು ಗಂಟೆ. ಆ ಹೊತ್ತಿನ ಬಿಸಿಲು ನಮ್ಮ ಮೆಟ್ಟಿಲ ಮೇಲೆ ಹೇಗೆ ಬೀಳುತ್ತದೆ ಎನ್ನುವುದನ್ನು ನಾನು ನೋಡಿಯೇ ಇರಲಿಲ್ಲ. ಕೆಳಗಿನ ಮನೆಯ ನೀಲಕ್ಕ ಅಂಗಳದಲ್ಲಿ ಕಡ್ಲಿ ಒಣಹಾಕುತ್ತಿದ್ದವರು ಬೆರಗಾಗಿ ನೋಡಿದರು.

"ಇದೇನವಾ, ಇವತ್ತ ಇಷ್ಟ ಲಗೂ? ಚಾರು ಮ್ಯಾಲ ಯಾರ ಕೂಡನೋ ಮಾತಾಡಾಕತ್ತಾಳ. ನೀ ದಿನಾ ಫೋನ್ ಹಚ್ಚಿ ಛೊಲೋ ಮಾಡ್ತೀ ಬಿಡು."

ಮೇಲೆ ಹತ್ತಿದೆ. ಬಾಗಿಲು ಮುಂದೆ ಮಾಡಿತ್ತಷ್ಟೇ, ಚಿಲಕ ಹಾಕಿರಲಿಲ್ಲ. ಚಾರ್ವಿ ಅಡುಗೆಮನೆಯ ನೆಲದ ಮೇಲೆ ನನಗೆ ಬೆನ್ನು ಮಾಡಿ ಕೂತಿದ್ದಳು. ಬೂಟು ಸಹ ಬಿಚ್ಚಿರಲಿಲ್ಲ. ತೊಡೆಯ ಮೇಲೆ ಖಾರಿಯ ಡಬ್ಬಿ, ಪಕ್ಕದಲ್ಲಿ ಅಪ್ಪ ತಂದ ಪೇಢೆ.

"...ಆಮ್ಯಾಲೆ ಪಿ.ಟಿ. ಸರ್ ನನ್ನ ಲೈನಿನಿಂದ ಹೊರಗ ಕರದ್ರು. ನೀ ಓಡೂದು ಬ್ಯಾಡ, ಸೀಟಿ ಊದು ಅಂದ್ರು. ಎಲ್ಲಾರೂ ನಕ್ರು. ಆದ್ರ ನಾ ಛೊಲೋ ಊದಿದೆ ಅವ್ವಾ. ಭಾಳ ಜೋರ್ ಊದಿದೆ."

ಸುಮ್ಮನಾದಳು. ಕಾದಳು. ಏನೂ ಬರಲಿಲ್ಲವೆಂದು ಡಬ್ಬಿಯೊಳಗೆ ನೋಡಿದಳು. ಒಂದು ಖಾರಿ ಮುರಿದು ಬಾಯಿಗಿಟ್ಟು, ಕಹಿ ಔಷಧ ನುಂಗುವವಳ ಹಾಗೆ ಕಣ್ಣು ಮುಚ್ಚಿ ಅಗಿದಳು. ಒಂದು. ನೀರು ಕುಡಿದು ಇನ್ನೊಂದು ತುಂಡು. ಎರಡು. ಬೆರಳು ಮಡಿಚಿ ಎಣಿಸುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಚಾರೂ," ಎಂದೆ.

ತಿರುಗಿ ನೋಡಲಿಲ್ಲ. "ಏ, ಇದು ಹೊಸಾದು!" ಎಂದು ತನ್ನಷ್ಟಕ್ಕೆ ನಕ್ಕಳು. ಮೂವತ್ತಾರು ಮಾತುಗಳಲ್ಲಿ ಅವಳ ಹೆಸರು ಎಲ್ಲೂ ಇರಲಿಲ್ಲ. ನಾವು ಹಾಕಿರಲಿಲ್ಲ.

ಆಮೇಲೆ ನನ್ನ ನೆರಳು ಕಂಡಿರಬೇಕು, ಗಕ್ಕನೆ ತಿರುಗಿದಳು. ಡಬ್ಬಿಯ ಮುಚ್ಚಳ ಹಾಕಿ ಬೆನ್ನ ಹಿಂದೆ ತಳ್ಳಿದಳು. ಅಂಗಿಯ ಮೇಲಿನ ಪುಡಿ ಕೊಡವಿದಳು. ಮುಖ ಕೆಂಪಾಗಿ, ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಇಲ್ಲವ್ವಾ, ಒಂದ ತಿಂದೆ. ಖರೇನ ಒಂದ. ಇನ್ನ ತಿನ್ನಂಗಿಲ್ಲ."

ನನಗೆ ಆಗಬೇಕಾದ ನಾಚಿಕೆಯನ್ನು ಒಂಬತ್ತು ವರ್ಷದ ಹುಡುಗಿ ಇಷ್ಟು ದಿನ ಒಬ್ಬಳೇ ಹೊತ್ತುಕೊಂಡಿದ್ದಳು. ನಾನು ಆಫೀಸಿನ ಸೀರೆಯಲ್ಲೇ ಅವಳೆದುರು ನೆಲಕ್ಕೆ ಕೂತೆ. ನಾನು ಬೈಯುತ್ತೇನೆಂದು ಅವಳು ಭುಜ ಕುಗ್ಗಿಸಿದಳು.

"ನನಗೂ ಒಂದ ಕೊಡು," ಎಂದೆ.

ನಂಬಿಕೆಯಿಲ್ಲದೆ ನನ್ನ ಮುಖವನ್ನೇ ನೋಡುತ್ತ ಡಬ್ಬಿ ಮುಂದಕ್ಕೆ ತಂದಳು. ಒಂದು ಖಾರಿಯನ್ನು ಮುರಿದು ಅರ್ಧ ನನಗೆ ಕೊಟ್ಟಳು. ಉಳಿದ ಅರ್ಧ ಹಿಡಿದು ನನ್ನ ಕಡೆ ಒಮ್ಮೆ ನೋಡಿದಳು, ನಾನು ತಲೆಯಾಡಿಸಿದ ಮೇಲೆ ಬಾಯಿಗೆ ಹಾಕಿಕೊಂಡಳು. ಇಬ್ಬರೂ ಅಗಿದೆವು. ನಾನು ಗಂಟಲು ಸರಿಮಾಡಿಕೊಂಡು, ತೊಟ್ಟಿಲ ಕಾಲದ ಆ ದನಿಯನ್ನು ಹುಡುಕಿದೆ. ಸಿಕ್ಕದ್ದು ಒಡಕು ದನಿ. ಅದರಲ್ಲೇ ಕೇಳಿದೆ.

"ಸೀಟಿ ಊದಿದ್ಯಂತಲ್ಲ. ಮುಂದ ಏನಾತು ಹೇಳು. ನಾ ಎಲ್ಲೂ ಹೋಗಂಗಿಲ್ಲ."

ಅವಳ ಮುಖ ಅರಳಿತು. ಹೇಳಲು ಬಾಯಿ ತೆರೆದಳು. ತೆರೆದವಳು ಹಾಗೆಯೇ ಉಳಿದಳು. ತಲೆ ಒಂದು ಕಡೆಗೆ ವಾಲಿತು, ಕಣ್ಣು ಗೋಡೆಯ ಕಡೆ ಹೋಯಿತು. ಅದು ಮೂರನೆಯ ತುತ್ತಾಗಿತ್ತು. ನನಗೆ ಏನೂ ಕೇಳಿಸಲಿಲ್ಲ. ನನ್ನ ಬಾಯಿಗೆ ಅಡ್ಡವಾಗಿ ಅವಳು ಬೆರಳು ಎತ್ತಿದಳು.

"ತಡಿ ಅವ್ವಾ," ಎಂದಳು, ಪಿಸುದನಿಯಲ್ಲಿ. "ಅವ್ವ ಮಾತಾಡಾಕತ್ತಾಳ."

ನಾನು ಕಾದೆ.